ಹಂಚಿಕೆಯ ಪ್ರಯಾಣ: ಆಸನ ಸಾಮರ್ಥ್ಯ, ರಹದಾರಿ ಮತ್ತು ವಿಮೆ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ಬಸ್ಸಿಗಾಗಿ ಕಾಯಲಾಗದ ಸಾರ್ವಜನಿಕರು ಬಾಡಿಗೆ ಹಂಚಿಕೊಂಡು ಆಟೋ, ಮ್ಯಾಕ್ಸಿಕ್ಯಾಬ್‌ಗಳಲ್ಲಿ ಪ್ರಯಾಣಿಸುವುದು ರೂಢಿಯಲ್ಲಿದೆ. ಇಂತಹ ಪ್ರಯಾಣವು ಮಿತವ್ಯಯಕರವಾದರೂ ಅದಕ್ಕೊಂದು ಮಿತಿ ಇರುತ್ತದೆ.

ಒಂದು ಟ್ರಿಪ್ಪಿನ ಡೀಸೆಲ್ ಹಾಗೂ ಚಾಲಕರ ಕೂಲಿಯು ಪ್ರಯಾಣಿಕರ ಸಂಖ್ಯೆಗೆ ತಕ್ಕಂತೆ ಹೆಚ್ಚುವುದಿಲ್ಲ. ಉದಾಹರಣೆಗೆ, ರೂ. 600 ವೆಚ್ಚವನ್ನು 12 ಜನ ಹಂಚಿಕೊಂಡಲ್ಲಿ ತಲಾ ರೂ. 50 ಆಗುತ್ತದೆ. 12ರ ನಂತರ ಹತ್ತುವ ಪ್ರತಿಯೊಬ್ಬರ ಬಾಡಿಗೆಯೂ ಬಹುತೇಕ ಲಾಭವೇ ಆಗುವುದರಿಂದ ಮಿತಿಮೀರಿ ಜನರನ್ನು ತುಂಬಲಾಗುತ್ತಿದೆ. ಆದರೆ ಇದರ ನಷ್ಟವನ್ನು ಪ್ರಯಾಣಿಕರೇ ಭರಿಸಬೇಕಾಗುತ್ತದೆ.

2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ ಲಾರಿ ಮತ್ತು ಕ್ರೂಸರ್ ನಡುವೆ ಸಂಭವಿಸಿದ ಅಪಘಾತದಲ್ಲಿ 9 ಜನ ಮೃತಪಟ್ಟರು. ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಕೂಲಿಗಾಗಿ ಹೊರಟವರಿದ್ದ ಆ ವಾಹನದಲ್ಲಿ 20ಕ್ಕೂ ಹೆಚ್ಚು ಜನರಿದ್ದರು. ಹೆಚ್ಚುವರಿ ಪ್ರಯಾಣಿಕರಿದ್ದಲ್ಲಿ ವಿಮಾ ಕಂಪನಿಯ ಹೊಣೆಯು ವಿಮೆಗೆ ಒಳಪಟ್ಟ ಪ್ರಯಾಣಿಕರ ಸಂಖ್ಯೆಗೆ ಸೀಮಿತವೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ತೀರ್ಪಿತ್ತಿದೆ. ಆ ಮೊತ್ತವನ್ನೇ ಎಲ್ಲ ಸಂತ್ರಸ್ತರಿಗೂ ಪ್ರಮಾಣಾನುಸಾರ ಹಂಚಬೇಕಾಗುತ್ತದೆ. ಉಳಿದುದನ್ನು ವಾಹನ ಮಾಲೀಕರಿಂದಲೇ ವಸೂಲು ಮಾಡಿಕೊಳ್ಳಬೇಕು. ಮಾಲೀಕರು ಅಶಕ್ತರಾದಲ್ಲಿ ಕುಟುಂಬಕ್ಕೆ ದೊರೆಯಬೇಕಾದ ಪರಿಹಾರವು ಕಾಗದದಲ್ಲೇ ಉಳಿಯುವ ಸಂಭವವಿದೆ.

ರಹದಾರಿಯ ವಿಚಾರವೂ ಅಷ್ಟೇ ಮುಖ್ಯವಾದುದು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಒಪ್ಪಂದ ವಾಹನವು ಒಪ್ಪಂದಕ್ಕೆ ಸೇರದ ಪ್ರಯಾಣಿಕರನ್ನು ಮಾರ್ಗಮಧ್ಯೆ ಹತ್ತಿಸುವಂತಿಲ್ಲ, ಇಳಿಸುವಂತಿಲ್ಲ. ಪ್ರತ್ಯೇಕ ದರ ಪಡೆದು ಹತ್ತಿಸಿ ಇಳಿಸುವುದು ಮಜಲು ವಾಹನದ ಲಕ್ಷಣವಾಗಿದೆ. ಚಾಲಕರನ್ನು ಹೊರತುಪಡಿಸಿ 6ಕ್ಕಿಂತ ಹೆಚ್ಚು, 12ನ್ನು ಮೀರದ ಪ್ರಯಾಣಿಕರ ಸಾಮರ್ಥ್ಯವುಳ್ಳದ್ದು ಮ್ಯಾಕ್ಸಿಕ್ಯಾಬ್ ಎನಿಸುತ್ತದೆ. ನಿಗದಿತ ಮಾರ್ಗದಲ್ಲಿ ಬಿಡಿ ಪ್ರಯಾಣಿಕರನ್ನು ಒಯ್ಯಲು ಇಚ್ಛಿಸುವ ಮಾಲೀಕರು ಮಜಲು ವಾಹನ ರಹದಾರಿಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸುವುದೇ ಕ್ರಮಬದ್ಧ ಮಾರ್ಗ.

2019ರ ತಿದ್ದುಪಡಿಯಂತೆ, ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ, ಅವರಿಗೆ ಬದಲಿ ವ್ಯವಸ್ಥೆ ಮಾಡುವವರೆಗೆ ವಾಹನವನ್ನು ಮುಂದೆ ಹೋಗಲು ಬಿಡುವಂತಿಲ್ಲ. ಆದ್ದರಿಂದ ಸಾರ್ವಜನಿಕರು ಹತ್ತುವ ಮುನ್ನ ಆಸನಗಳನ್ನು ಎಣಿಸುವುದು, ವಾಹನದ ಸಂಖ್ಯೆಯ ಮೂಲಕ ಎಂ-ಪರಿವಾಹನ್ ಆಪ್‌ನಲ್ಲಿ ಅರ್ಹತಾ ಪತ್ರ ಮತ್ತು ವಿಮೆಯ ಅವಧಿಯನ್ನು ಪರಿಶೀಲಿಸುವುದು ಸೂಕ್ತ. ಆಸನಗಳು ಭರ್ತಿಯಾಗುವವರೆಗೆ ಹಂಚಿಕೆಯಿಂದ ಎಲ್ಲರಿಗೂ ಉಳಿತಾಯವುಂಟು. ಆಸನ ಮೀರಿದ ನಂತರ ಲಾಭ ಮಾಲೀಕರದು, ಅಪಾಯ ಪ್ರಯಾಣಿಕರದು.