ಹನಿ ನೀರಾವರಿಯೂ ಸಣ್ಣ ಹಿಡುವಳಿಯೂ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಅಲ್ಲಿ ಅಪರೂಪವಲ್ಲ; ಕೊರೆದೂ ನೀರು ಕಾಣದವು ಎಷ್ಟೋ ಉಂಟು. ಅಲ್ಲಿಯ ಟೊಮೇಟೊ ಬೆಳೆಗಾರನಿಗೆ ಹನಿ ನೀರಾವರಿಯ ಗುಣವನ್ನು ನಾವು ಬಣ್ಣಿಸಬೇಕಾದುದಿಲ್ಲ. ಆದರೆ ಬಾವಿಯೇ ಇಲ್ಲದ ಅರ್ಧ ಎಕರೆಯ ಒಡೆಯನ ಗತಿಯೇನು? ಪಂಪು, ವಿದ್ಯುತ್ತು ಇಲ್ಲದೆ ಹನಿ ನೀರಾವರಿ ಇಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲ.

ಸಿಮ್ಚಾ ಬ್ಲಾಸ್ ಎಂಬ ಎಂಜಿನಿಯರರ ಡ್ರಿಪ್ಪರನ್ನು ತಯಾರಿಸುವ ಉದ್ಯಮ ೧೯೬೫ರಲ್ಲಿ ಇಸ್ರೇಲಿನ ಹಟ್ಜೆರಿಮ್ ಎಂಬ ಸಹಕಾರಿ ಗ್ರಾಮದಲ್ಲಿ ಮೊದಲಾಯಿತು. ಈ ಬಗೆಯ ವ್ಯವಸ್ಥೆಗೆ ಸಾಮಾನ್ಯವಾಗಿ ಸುಮಾರು ೧೦ ಮೀಟರು ಎತ್ತರದ ನೀರಿನ ಒತ್ತಡ ಬೇಕು. ಕೊಳವೆಗಳು ಗಿಡ್ಡವಾಗಿದ್ದು ನೆಲ ಸಮವಾಗಿದ್ದರೆ ೧ ಮೀಟರು ಎತ್ತರದ ಕಟ್ಟೆಯ ಮೇಲಿಟ್ಟ ಪೀಪಾಯಿಯೇ ಸಾಕು. ವಿದ್ಯಾರ್ಥಿಗಳು ಇದನ್ನು ಶಾಲೆಯ ತೋಟದಲ್ಲಿಯೇ ಪರೀಕ್ಷಿಸಬಹುದು: ಕೊಳವೆಯ ಮೊದಲ ರಂಧ್ರದ ಕೆಳಗೊಂದು, ಕೊನೆಯದರ ಕೆಳಗೊಂದು ಲೋಟವಿಟ್ಟು ಹತ್ತು ನಿಮಿಷದ ನೀರನ್ನು ಅಳೆಯಿರಿ. ಅಂತರ ಹೆಚ್ಚಾಗಿದ್ದರೆ ಕೊಳವೆ ಅತಿ ಉದ್ದವಾಗಿರಬಹುದು, ಇಲ್ಲವೆ ರಂಧ್ರ ಕಟ್ಟಿರಬಹುದು. ಕೆಮ್ಮಣ್ಣಿನ ಹೊಂಡದ ನೀರಿನಲ್ಲಿ ಈ ಎರಡನೆಯದೇ ದೊಡ್ಡ ಪೀಡೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಪೀಪಾಯಿಗೆ ತುಂಬಲಾಗದು. ಬಿಸಿಲು ತಾಗಿ ಪಾಚಿ ಕಟ್ಟದಂತೆ ಮುಚ್ಚಳವೂ ಬೇಕು.

೨೦೦ ಲೀಟರಿನ ಪೀಪಾಯಿ ನೂರು ಗಿಡಗಳಿಗೆ ತಲಾ ೨ ಲೀಟರು ಕೊಡುತ್ತದೆ. ನೀರು ಬೇರಿನ ಬುಡದಲ್ಲಿಯೇ ಇಂಗಿ, ಸಾಲುಗಳ ನಡುವಿನ ನೆಲ ಒಣಗಿಯೇ ಇರುವುದರಿಂದ ಆವಿಯಾಗಿ ಹೋಗುವುದು ಕಡಿಮೆ, ಕಳೆಯೂ ಕಡಿಮೆ. ಸಾಧನದ ಬೆಲೆಯೂ ಅಲ್ಪ. ಇಷ್ಟನ್ನು ಹೇಳಿ ಪ್ರಚಾರಕರು ನಿಲ್ಲಿಸುತ್ತಾರೆ. ಆದರೆ ೨೦೦ ಲೀಟರು ನೀರೆಂದರೆ ೨೦೦ ಕಿಲೋಗ್ರಾಂ ಭಾರ; ೨೦ ಲೀಟರಿನ ಕೊಡದಲ್ಲಿ ಹತ್ತು ಸಲದ ನಡೆ. ಬೇಸಗೆಯಲ್ಲಿ ಬೆಳೆದ ಗಿಡಗಳಿಗೆ ಒಂದು ಪೀಪಾಯಿ ಸಾಲದೆ ಎರಡಾಗಬಹುದು. ಹೊರುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರು, ಹುಡುಗಿಯರು. ಆ ಹುಡುಗಿ ಶಾಲೆಗೆ ಹೊರಡುವ ವೇಳೆಯೂ ಅದೇ ಆಗಿರುತ್ತದೆ.

ಕರ್ನಾಟಕದಲ್ಲಿ ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಎಷ್ಟೋ ಹೊಲಗಳಲ್ಲಿ ಕೃಷಿ ಹೊಂಡಗಳಾದುವು. ಹೊಂಡ ಹತ್ತಿರವಾದರೆ ನಡೆಯೇನೋ ತಗ್ಗುತ್ತದೆ. ಆದರೆ ಮಳೆನೀರು ಹರಿದು ಸೇರಬೇಕಾದುದರಿಂದ ಹೊಂಡವನ್ನು ತೋಡುವುದು ಹೊಲದ ತಗ್ಗಿನ ಮೂಲೆಯಲ್ಲಿ; ಪೀಪಾಯಿ ಇರಬೇಕಾದುದೋ ಎತ್ತರದಲ್ಲಿ. ನಡುವಿನ ಆ ಏರನ್ನು ಕಾಲಿನಿಂದ ತುಳಿಯುವ ಸಣ್ಣ ಪಂಪೊಂದು ನಿವಾರಿಸಬಲ್ಲದು. ಅದರ ಬೆಲೆಯನ್ನೂ ಸೇರಿಸಿಯೇ ‘ಕಡಿಮೆ ಖರ್ಚಿನ ಹನಿ ನೀರಾವರಿ’ಯ ಲೆಕ್ಕ ಹಾಕಬೇಕೆಂಬುದು, ಸಹಾಯಧನವನ್ನೂ ಆ ಲೆಕ್ಕದಂತೆಯೇ ಕೊಡಬೇಕೆಂಬುದು ನಮ್ಮ ವಾದ.