ಹಳೆಯ ತತ್ತ್ವಪದ, ಹೊಸ ವಾದ್ಯ



ನಮ್ಮ ಶಾಲೆಯ ಕಳೆದ ಸ್ನೇಹಸಮ್ಮೇಳನದ ಸಿದ್ಧತೆಯು ನಡೆದಿದ್ದಾಗ ಒಂದು ಚಿಕ್ಕ ವಿವಾದವು ತಲೆಯೆತ್ತಿತು. ಒಂಬತ್ತನೆಯ ವರ್ಗದ ಆರು ಮಂದಿ ಬಾಲಿಕೆಯರು ಗಿಟಾರು ಬಾರಿಸುತ್ತ ಶಿಶುನಾಳ ಷರೀಫ ಸಾಹೇಬರ ಗುಡುಗುಡಿಯ ಪದವನ್ನು ಹಾಡಬೇಕೆಂದು ಇಚ್ಛೆಪಟ್ಟರು. ಅವರು ಅದನ್ನು ಕಲಿತದ್ದು ಭಜನಾಮೇಳದಿಂದಲ್ಲ, ಮೊಬೈಲಿನಲ್ಲಿ ಕೇಳಿದ ಒಂದು ರಾಕ್ ಸಂಗೀತದ ಸಂಪುಟದಿಂದ. ತಾಲೀಮನ್ನು ಕೇಳಿದ ಪಾಲಕರೊಬ್ಬರು ಬಾಗಿಲಲ್ಲಿಯೇ ನಿಂತು, “ಅಕ್ಕೋರೇ, ಶಾಲಿ ಹುಡಿಗ್ಯಾರು ಹುಕ್ಕಾ ಸೇದೂ ಹಾಡು ಹಾಡತಾರೇನ್ರಿ?” ಎಂದು ಕೇಳಿದರು. ಇನ್ನೊಬ್ಬರು, ಪದವು ದೊಡ್ಡವರದು, ಆದರೆ ಆ ವಾದ್ಯಗಳ ಗದ್ದಲವು ನಮ್ಮದಲ್ಲವೆಂದರು. ಕಡೆಗೆ ಹಾಡನ್ನು ಕಾರ್ಯಕ್ರಮದಿಂದ ತೆಗೆಯಲಾಯಿತು. ಬಾಲಿಕೆಯರು ಮುಖ ಸಣ್ಣದು ಮಾಡಿಕೊಂಡು ಗಿಟಾರನ್ನು ಚೀಲಕ್ಕೆ ಸೇರಿಸಿದುದನ್ನು ನಾವು ಕಣ್ಣಾರೆ ಕಂಡೆವು. ಬರುವ ವರ್ಷ ಇದೇ ಪ್ರಶ್ನೆಯು ಪುನಃ ಏಳುವುದು ನಿಶ್ಚಯ. ಆದುದರಿಂದ ಈ ಸಂಪುಟದ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲೇ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾವು ಈ ತಂಡದ ಅಭಿಮಾನಿಗಳು. ಅಭಿಮಾನಿಯ ತಕ್ಕಡಿಯು ಸ್ವಲ್ಪ ಒಂದು ಕಡೆಗೆ ವಾಲುವುದು ಸಹಜ. ಓದುವವರು ಅದನ್ನು ನೆನಪಿನಲ್ಲಿಟ್ಟುಕೊಂಡೇ ನಮ್ಮ ಮಾತನ್ನು ತೂಗಲಿ.

ತಂಡದ ಹೆಸರು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಅದರ ಮುಖ್ಯ ಗಾಯಕರಾದ ಶ್ರೀ ರಘು ದೀಕ್ಷಿತರು ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿದವರು, ಭರತನಾಟ್ಯವನ್ನು ಅಭ್ಯಾಸ ಮಾಡಿದವರು. ಅವರು ಗಿಟಾರನ್ನು ಹಿಡಿದು, ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದನ್ನು ಅನೇಕರು ಕಂಡಿರಬಹುದು. ‘ಅಂತರಾಗ್ನಿ’ ಎಂಬ ಅವರ ಮೊದಲ ಸಂಪುಟವು 2008ರಲ್ಲಿ ಹೊರಬಂದಿತು. ಅದರಲ್ಲಿ ಹಿಂದೀ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದಗಳಿವೆ: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. 2013ರಲ್ಲಿ ಬಂದ ‘ಜಗ್ ಚಂಗಾ’ ಎಂಬ ಎರಡನೆಯ ಸಂಪುಟದಲ್ಲಿಯೂ ಅವರು ಷರೀಫರನ್ನು ಬಿಟ್ಟಿಲ್ಲ. ಲೆಕ್ಕಕ್ಕೆ ‘ಅಂತರಾಗ್ನಿ’ಯು ಹಳೆಯದಾಯಿತು. ಆದರೆ ಹದಿನಾಲ್ಕು ವರ್ಷದ ಹುಡುಗಿಯು ಮೊದಲ ಸಲ ಕೇಳಿದ ದಿನವೇ ಹಾಡಿಗೆ ಹುಟ್ಟಿದ ದಿನ. ನಮ್ಮ ಬಾಲಿಕೆಯರಿಗೆ ಅದು ಹೊಚ್ಚ ಹೊಸದು.

ಇನ್ನು ಮೊದಲನೆಯ ಆಕ್ಷೇಪಣೆ. ಗುಡುಗುಡಿಯ ಪದವು ತಂಬಾಕಿನ ಪದವೇ? ಅಲ್ಲವೆಂಬುದನ್ನು ನಮ್ಮ ಕಡೆಯ ಯಾವ ಭಜನಾಮೇಳದವರಾದರೂ ಹೇಳಿಯಾರು. ಅಲ್ಲಿ ಮನಸ್ಸೇ ಚೀಲ. ಕೊಚ್ಚಿ ಹಾಕಬೇಕಾದ ಸೊಪ್ಪು ಮೋಹ. ಅದನ್ನು ಸುಡುವ ಬೆಂಕಿ ಬುದ್ಧಿ. ಒಡಲೊಳಗಿನ ರೋಗವನ್ನು ನೀಗಿಕೊಳ್ಳೆಂದು ಹೇಳುವ ಪದವು ಚಟವನ್ನು ಕಲಿಸುವುದೆಂದರೆ, ಬೇವನ್ನು ಕಂಡು ವಿಷವೆಂದಂತೆ. ಷರೀಫರು ಕಂಡದ್ದನ್ನೇ ಹಾಡಿದರು. 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಹುಟ್ಟಿ, 1889ರಲ್ಲಿ ತೀರಿಕೊಂಡ ಆ ಮಹನೀಯರು ಮುಸಲ್ಮಾನರ ಮನೆಯವರು. ಗುರುಗಳಾದ ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಹಳ್ಳಿಯ ಜನರ ಮನೆ, ಹೊಲ, ಹುಕ್ಕಾ, ಕೋಳಿ, ಇವನ್ನೇ ಹಿಡಿದು ಅವರು ಪರಮಾರ್ಥವನ್ನು ಹೇಳಿದರು. ಸಾಮತಿಗಳಲ್ಲಿ ಮಾತನಾಡುವ ಬೋಧಕರನ್ನು ಓದಿ ಬೆಳೆದ ನಮ್ಮ ಶಾಲೆಯವರಿಗೆ ಈ ರೀತಿಯು ಅಪರಿಚಿತವಾಗಬಾರದು.

ಎರಡನೆಯ ಆಕ್ಷೇಪಣೆಯು ಹೆಚ್ಚು ಬಲವಾದುದು. ಹಳೆಯ ಪದಕ್ಕೆ ಹೊರಗಿನ ವಾದ್ಯವೇಕೆ? ಈ ಪ್ರಶ್ನೆಯನ್ನು ಕೇಳುವಾಗ ನಮ್ಮ ಪ್ರಾರ್ಥನಾಮಂದಿರದ ಮೂಲೆಯಲ್ಲಿರುವ ಪೇಟಿಯ ಕಡೆಗೆ ಒಮ್ಮೆ ನೋಡಬೇಕೆಂದು ನಮ್ಮ ವಿನಂತಿ. ಹಾರ್ಮೋನಿಯಮ್ಮು ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದುಸ್ಥಾನಕ್ಕೆ ಬಂದಿತು. ಅದನ್ನು ತಂದವರಲ್ಲಿ ಮಿಶನರಿಗಳೂ ಇದ್ದರು. ಅದು ನಮ್ಮ ಸ್ವರಗಳಿಗೆ ಒಗ್ಗದೆಂದು ಪಂಡಿತರು ಬಹಳ ಆಡಿದರು. ಆಕಾಶವಾಣಿಯು 1940ರಿಂದ 1971ರ ವರೆಗೆ ಅದನ್ನು ತನ್ನ ಕೇಂದ್ರಗಳಿಂದ ದೂರವೇ ಇರಿಸಿತ್ತು. ಇಂದು ಸಿಂದಗಿಯ ಹಳ್ಳಿಯಲ್ಲಿ ಪೇಟಿಯಿಲ್ಲದ ಭಜನೆಯನ್ನು ಊಹಿಸುವವರು ಯಾರು? ಪಿಟೀಲೂ ಹಾಗೆಯೇ ಬಂದದ್ದು. ಇಂದು ಅದಿಲ್ಲದೆ ಕರ್ನಾಟಕ ಸಂಗೀತದ ಕಚೇರಿಯು ಬರಿದೆನಿಸುತ್ತದೆ. ಕನ್ನಡದ ನಿಘಂಟನ್ನು 1894ರಲ್ಲಿ ಹೊರತಂದ ರೆವರೆಂಡ್ ಕಿಟ್ಟೆಲರು, ಅದಕ್ಕೂ ಬಹಳ ಮೊದಲು, 1862ರಲ್ಲಿ, ‘ಕಥಾಮಾಲೆ’ಯೆಂಬ ಗ್ರಂಥದಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯಕ್ಕೆ ಇಳಿಸಿದ್ದರು. ಅವರು ಹೊಸ ಸಂಗತಿಯನ್ನು ಹಳೆಯ ಪಾತ್ರೆಯಲ್ಲಿ ಬಡಿಸಿದರು. ಈ ತಂಡದವರು ಹಳೆಯ ಸಂಗತಿಯನ್ನು ಹೊಸ ಪಾತ್ರೆಯಲ್ಲಿ ಬಡಿಸುತ್ತಾರೆ. ಊಟವು ಹಸಿದವರಿಗೆ ಮುಟ್ಟಿತೇ ಇಲ್ಲವೇ ಎಂಬುದನ್ನು ನೋಡುವುದು ನಮ್ಮ ಕೆಲಸ.

ದೂರದ ಉದಾಹರಣೆಯೇಕೆ? ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಬೀಸುಕಲ್ಲಿನ ಮುಂದೆ, ನಸುಕಿನಲ್ಲಿ, ತವರಿನ ನೆನಪಿನಲ್ಲಿ ಹುಟ್ಟಿದ ಹಾಡುಗಳು ಕಾಗದದ ಮೇಲೆ ಬಂದಾಗ ಕಲ್ಲಿನ ಸದ್ದನ್ನು ಕಳೆದುಕೊಂಡವು. ಅದು ನಷ್ಟವೇ ಸರಿ. ಆದರೆ ಗಿರಣಿಗಳು ಬಂದವು, ಬೀಸುಕಲ್ಲುಗಳು ಮೂಲೆ ಸೇರಿದವು. ಗೆಳೆಯರು ಬರೆದಿಡದಿದ್ದರೆ ಕಲ್ಲಿನೊಡನೆ ಎಷ್ಟು ಹಾಡುಗಳು ಮೂಲೆ ಸೇರುತ್ತಿದ್ದವೋ! ಹಾಡು ಉಳಿಯಬೇಕಾದರೆ ಮನೆಯನ್ನು ಬದಲಿಸಬೇಕಾಗುತ್ತದೆ. ಷರೀಫರ ಪದಗಳೂ ಬಾಯಿಂದ ಬಾಯಿಗೆ, ಏಕತಾರಿಯಿಂದ ಪೇಟಿಗೆ, ಪೇಟಿಯಿಂದ ಶ್ರೀ ಸಿ. ಅಶ್ವತ್ಥರ ಕಂಠಕ್ಕೆ, 1990ರಲ್ಲಿ ಶ್ರೀ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಲಚ್ಚಿತ್ರಕ್ಕೆ ಹೀಗೆಯೇ ಮನೆ ಬದಲಿಸುತ್ತ ಬಂದಿವೆ. ಗಿಟಾರು ಅದರ ಮುಂದಿನ ಮನೆ.

ಅದಿರಲಿ. ಸಂಪುಟವು ಹೇಗಿದೆ? ಇದರ ದೊಡ್ಡ ಗುಣವೆಂದರೆ ಗಾಯಕರ ತೆರೆದ ಕಂಠ. ಅವರು ಕನ್ನಡವನ್ನು ನಾಚದೆ, ಬಾಯಿ ತುಂಬ ಉಚ್ಚರಿಸುತ್ತಾರೆ. ಬೇರೆಯವರ ಧಾಟಿಯನ್ನು ನಕಲು ಮಾಡದೆ ಸ್ವಂತ ಧಾಟಿಯನ್ನು ಕಟ್ಟಿದ್ದಾರೆ. ಹಿಂದೀ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿ ಷರೀಫರನ್ನು ಕೂರಿಸಿ, ಇವರೂ ಸಮಾನರೆಂದು ತೋರಿಸಿದ್ದಾರೆ. ಈ ಹಾಡುಗಳು ಇಂಗ್ಲೆಂಡಿನ ಸಭೆಗಳಲ್ಲಿಯೂ ಕೇಳಿಬಂದವು. 2011ರಲ್ಲಿ ಅಲ್ಲಿಯ ‘ಸಾಂಗ್‌ಲೈನ್ಸ್’ ಪತ್ರಿಕೆಯು ಇವರಿಗೆ ಹೊಸ ಕಲಾವಿದರ ಪಾರಿತೋಷಕವನ್ನು ಕೊಟ್ಟಿತು. ಕನ್ನಡದ ಹಾಡನ್ನು ಗೆಳತಿಯರ ಮುಂದೆ ಹಾಡಲು ಸಂಕೋಚಪಡುತ್ತಿದ್ದ ಹುಡುಗಿಯರು ಇಂದು ತಾವಾಗಿಯೇ ಷರೀಫರನ್ನು ಗುನುಗುತ್ತಾರೆ. ಇದು ಪಾಠಪುಸ್ತಕದಿಂದ ಆಗದಿದ್ದ ಕೆಲಸ.

ದೋಷಗಳೂ ಇವೆ. ಅಭಿಮಾನವು ಕಿವಿಯನ್ನು ಮುಚ್ಚಬಾರದು. ತತ್ತ್ವಪದವನ್ನು ಒಂದು ನುಡಿ ಹಾಡಿ, ತುಸು ನಿಂತು, ಅರ್ಥವನ್ನು ಮೆಲುಕು ಹಾಕಿ, ಮುಂದಿನ ನುಡಿಗೆ ಹೋಗುವುದು ವಾಡಿಕೆ. ಇಲ್ಲಿ ಆ ನಿಲುಗಡೆಯಿಲ್ಲ. ಪಲ್ಲವಿಯು ಬಂದಾಗ ವಾದ್ಯಗಳು ಒಟ್ಟಾಗಿ ಏಳುತ್ತವೆ, ಕೇಳುವವರು ಕುಣಿಯುತ್ತಾರೆ. ಕುಣಿಯುವಾಗ ನುಡಿಯ ಅರ್ಥವು ಕಾಲ್ತುಳಿತಕ್ಕೆ ಸಿಕ್ಕುತ್ತದೆ. ನಾವು ವಿಚಾರಿಸಿದಾಗ ಆ ಆರು ಬಾಲಿಕೆಯರಲ್ಲಿ ಪಲ್ಲವಿಯು ಎಲ್ಲರಿಗೂ ಬರುತ್ತಿತ್ತು. ಚರಣಗಳು ಇಬ್ಬರಿಗೆ ಬರುತ್ತಿದ್ದವು. ಅರ್ಥವು ಒಬ್ಬಳಿಗೂ ಬರುತ್ತಿರಲಿಲ್ಲ. ಹುಕ್ಕಾ ಎಂದು ಗಾಬರಿಯಾದ ಪಾಲಕರಿಗೆ ಅವರು ಉತ್ತರ ಕೊಡಲಾರದೆ ಹೋದದ್ದು ಇದರಿಂದಲೇ. ಹಾಡು ನಿಂತುಹೋದದ್ದಕ್ಕೆ ಪಾಲಕರ ಅವಸರವು ಎಷ್ಟು ಕಾರಣವೋ ಈ ಅಜ್ಞಾನವೂ ಅಷ್ಟೇ ಕಾರಣ.

ಆ ಬಾಲಿಕೆಯರಲ್ಲೊಬ್ಬಳ ಅಜ್ಜಿಯವರು ಸಿಂದಗಿಯ ಕಡೆಯ ಹಳ್ಳಿಯವರು. ಅಕ್ಷರ ಬಾರದವರು, ಆದರೆ ಅಮಾವಾಸ್ಯೆಯ ಭಜನೆಗೆ ತಪ್ಪದೆ ಹೋಗಿ ಕುಳಿತು ಬೆಳೆದವರು. ಮೊಮ್ಮಗಳು ಮೊಬೈಲಿನಲ್ಲಿ ಮಾಳಿಗೆಯ ಪದವನ್ನು ಅವರಿಗೆ ಕೇಳಿಸಿದಳು. ನಾವೂ ಅಲ್ಲಿದ್ದೆವು. ಅಜ್ಜಿಯವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಪದ ನಮ್ಮದೈತಿ ಯವ್ವಾ. ದನಿನೂ ಛಲೋ ಐತಿ. ಆದ್ರ ಉಸುರು ಬಿಡಾಕ ಜಾಗಾ ಇಲ್ಲ ನೋಡು,” ಎಂದರು. ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ನ್ಯಾಯವಾದ ವಿಮರ್ಶೆಯನ್ನು ನಾವು ಬೇರೆಲ್ಲಿಯೂ ಓದಿಲ್ಲ. ಬಳಿಕ ಅವರು ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ತುಳಿಯುತ್ತಿದ್ದುದನ್ನು ವರ್ಣಿಸಿದರು. ಒಂದು ವರ್ಷ ಉದಾಸೀನ ಮಾಡಿದರೆ ತೊಲೆಯು ಹೇಗೆ ಕೊಳೆಯುವುದು, ನಡುರಾತ್ರಿಯಲ್ಲಿ ಸೋರತೊಡಗಿದರೆ ಕತ್ತಲಲ್ಲಿ ಮೇಲೇರಲು ಎಂಥ ಅಂಜಿಕೆ, ಎಲ್ಲವನ್ನೂ ಹೇಳಿದರು. “ನಮ್ಮ ಮೈನೂ ಹಂಗs, ತಂಗಿ. ತಿಳುವಳಿಕಿ ಇಲ್ಲದಿದ್ರ ಸೋರತೈತಿ,” ಎಂದು ಮುಗಿಸಿದರು. ಆರ್‌ಸಿಸಿ ಮನೆಯಲ್ಲಿ ಹುಟ್ಟಿದ ಆ ಹುಡುಗಿಯು ಸುಮ್ಮನಾದಳು. ಆಮೇಲೆ ತಾನೇ, ವಾದ್ಯವಿಲ್ಲದೆ, ಮೆಲ್ಲಗೆ ಆ ಪದವನ್ನು ಹಾಡಿದಳು. ಪ್ರತಿ ನುಡಿಗೂ ನಿಂತು ಹಾಡಿದಳು.

ಅಂದು ನಮಗೆ ಒಂದು ಸಂಗತಿಯು ಸ್ಪಷ್ಟವಾಯಿತು. ಆ ಸಂಪುಟವಿಲ್ಲದಿದ್ದರೆ ಮೊಮ್ಮಗಳು ಪದವನ್ನು ಕೇಳುತ್ತಿರಲಿಲ್ಲ, ಅಜ್ಜಿಯಿಲ್ಲದಿದ್ದರೆ ತಿಳಿಯುತ್ತಿರಲಿಲ್ಲ. ತಂಡವು ಬಾಗಿಲನ್ನು ತಟ್ಟಿದೆ; ಒಳಗಿನಿಂದ ಬಾಗಿಲನ್ನು ತೆಗೆಯತಕ್ಕವರು ನಾವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಅಂಥ ಅಜ್ಜಿಯರು ಇನ್ನೂ ಇದ್ದಾರೆ. ಅವರು ಎಷ್ಟು ವರ್ಷ ನಮ್ಮೊಡನಿರುವರು? ಅವರು ಹೋದ ಮೇಲೆ ಪದವು ಮೊಬೈಲಿನಲ್ಲಿ ಉಳಿದೀತು. ಅದರ ಅರ್ಥವನ್ನು ಯಾರನ್ನು ಕೇಳೋಣ? ನಮಗೆ ಭಯವಿರುವುದು ಗಿಟಾರಿನ ಸದ್ದಿಗಲ್ಲ, ಅಜ್ಜಿಯರ ಮೌನಕ್ಕೆ.

ಆದುದರಿಂದ ಮುಂದಿನ ಸ್ನೇಹಸಮ್ಮೇಳನದಲ್ಲಿ ಬಾಲಿಕೆಯರು ಆ ಪದವನ್ನು ಗಿಟಾರಿನೊಡನೆಯೇ ಹಾಡಲಿ ಎಂಬುದು ನಮ್ಮ ಅಭಿಪ್ರಾಯ. ಆದರೆ ನಾಲ್ಕು ನಿಯಮಗಳನ್ನು ಪಾಲಿಸಲಿ. ಪದವನ್ನು ಎಲ್ಲ ನುಡಿಗಳೊಡನೆ ಪೂರ್ತಿ ಕಲಿಯಲಿ. ತಮ್ಮ ಊರಿನ ಹಿರಿಯರೊಬ್ಬರಿಂದ ಅರ್ಥವನ್ನು ಕೇಳಿಕೊಂಡು ಬರಲಿ. ಹಾಡುವ ಮುಂಚೆ ಒಬ್ಬಳು ಅದನ್ನು ಸಭೆಗೆ ಹೇಳಲಿ. ವಾದ್ಯಗಳು ಮಾತಿಗಿಂತ ಮೆಲ್ಲಗಿರಲಿ. ಇಷ್ಟಾದರೆ ಹುಕ್ಕಾದ ಹೆದರಿಕೆಯು ತಾನಾಗಿಯೇ ಹೋದೀತು.

ಮಾಜಿ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ಇನ್ನೊಂದು ಪ್ರಾರ್ಥನೆ. ನಮ್ಮ ವರ್ಗದಲ್ಲಿ ಇಂಪಾಗಿ ಹಾಡುತ್ತಿದ್ದವರು ಎಷ್ಟು ಮಂದಿ! ಮದುವೆಯಾಗಿ, ಮನೆಯ ಕೆಲಸದಲ್ಲಿ, ನೌಕರಿಯಲ್ಲಿ, ಅವರಲ್ಲಿ ಬಹುಮಂದಿ ಹಾಡುವುದನ್ನು ಬಿಟ್ಟರು. ಯಾರೂ ಬಿಡೆಂದು ಹೇಳಲಿಲ್ಲ. ಹಾಡೆಂದೂ ಯಾರೂ ಹೇಳಲಿಲ್ಲ. ಈಗ ಆರು ಹುಡುಗಿಯರು ಯಾರ ಒತ್ತಾಯವೂ ಇಲ್ಲದೆ ತಾವಾಗಿ ಹಾಡಲು ಮುಂದೆ ಬಂದಿದ್ದಾರೆ. ಚೀಲಕ್ಕೆ ಸೇರಿದ ಆ ಗಿಟಾರನ್ನು ಪುನಃ ಹೊರಗೆ ತೆಗೆಯಲು ನಾವು ಹೇಳದಿದ್ದರೆ, ಹತ್ತು ವರ್ಷಗಳ ಬಳಿಕ ಅವರೂ ನಮ್ಮಂತೆಯೇ ಇದೇ ಸಂಚಿಕೆಯಲ್ಲಿ, ತಾವು ಹಿಂದೊಮ್ಮೆ ಹಾಡುತ್ತಿದ್ದೆವೆಂದು ಬರೆಯಬೇಕಾದೀತು. ಹಾಗಾಗದಿರಲಿ.