ಸವೆದ ನಾಣ್ಯವನ್ನು ದಯವಿಟ್ಟು ತೊಳೆಯಬೇಡಿ!

ಮೊನ್ನೆ ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಊರ ಕಡೆಯ ಹುಡುಗನೊಬ್ಬ ಬಂದಿದ್ದ, ಈಗ ಕಲ್ಯಾಣದಲ್ಲಿದ್ದಾನೆ. ಕರ್ಚೀಫಿನ ಗಂಟು ಬಿಚ್ಚಿ ನಾಲ್ಕು ತಾಮ್ರದ ಬಿಲ್ಲೆಗಳನ್ನು ಟೀಪಾಯಿ ಮೇಲೆ ಸುರಿದ. ಫಳಫಳ!

"ಅಂಕಲ್, ರೋಮನ್ ಕಾಯಿನ್ಸು. ಸ್ಟೇಷನ್ ಹತ್ರ ಒಬ್ಬ ಮಾರ್ತಿದ್ದ. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದೀನಿ. ಯಾವ ರಾಜಂದು ಹೇಳಿ, ಎಷ್ಟು ಸಿಗುತ್ತೆ?"

ನನ್ನ ತಕರಾರು ಇರುವುದೇ ಈ ನಿಂಬೆಹಣ್ಣು ಮತ್ತು ಈ ಎರಡು ಪ್ರಶ್ನೆಗಳ ಮೇಲೆ.

ಕಲ್ಯಾಣದವನಿಗೆ ರೋಮ್ ಮೇಲೆ ಆಸೆ ಹುಟ್ಟುವುದು ತಪ್ಪಲ್ಲ. 1ನೇ ಶತಮಾನದ ಗ್ರೀಕ್ ಗ್ರಂಥ ಪೆರಿಪ್ಲಸ್‌ನಲ್ಲಿ ಈ ಊರು 'ಕಲ್ಲಿಯೇನ' ಎಂಬ ಹೆಸರಿನಲ್ಲಿ ಬರುತ್ತದೆ. ಬರುಗಜದಲ್ಲಿ, ಅಂದರೆ ಇಂದಿನ ಭರೂಚ್‌ನಲ್ಲಿ, ಮಿನಾಂಡರನ ಹಳೆಯ ದ್ರಮ್ಮಗಳು ಇನ್ನೂ ಚಲಾವಣೆಯಲ್ಲಿವೆ ಎಂದೂ ಅದೇ ಗ್ರಂಥ ಹೇಳುತ್ತದೆ. ಮಿನಾಂಡರ್ ಸತ್ತು ಆಗಲೇ ಸುಮಾರು 200 ವರ್ಷ! ಅಷ್ಟು ಕೈ ದಾಟಿದ ನಾಣ್ಯ ಸವೆಯದೆ ಇನ್ನೇನಾಗುತ್ತೆ ಸ್ವಾಮಿ? ಸವೆತ ಕೊಳೆಯಲ್ಲ, ಅದು ನಾಣ್ಯ ದುಡಿದ ಲೆಕ್ಕ.

ಆದರೆ ಹಳೇ ತಾಮ್ರವೆಲ್ಲ ರೋಮನ್ ಅಲ್ಲ. ಹುಡುಗನ ಮೊದಲನೆಯದು ಶಿವರಾಯಿ. ಚುಕ್ಕೆಗಳ ಅಂಚು, 'ಛತ್ರಪತಿ'ಯ ಅರ್ಧ ನಾಗರಿ ಅಕ್ಷರ ಉಳಿದಿತ್ತು. ಎರಡನೆಯದು ಕಂಪನಿ ಕಾಲದ ತಕ್ಕಡಿ ಪೈಸೆ. ಮೂರನೆಯದರ ಅಂಚಿನಲ್ಲಿ ಎರಕದ ಗೆರೆ ಸುತ್ತಲೂ ಇತ್ತು, ಅಂದರೆ ಯಾವನೋ ಅಚ್ಚಿನಲ್ಲಿ ಹೊಯ್ದ ನಕಲಿ.

ನಾಲ್ಕನೆಯದು ನೋಡಿ ಹೊಟ್ಟೆ ಉರಿಯಿತು. 16 ಮಿಲಿಮೀಟರ್, 1.6 ಗ್ರಾಂ. ಟಾರ್ಚನ್ನು ಓರೆಯಾಗಿ ಹಿಡಿದರೆ ಎದುರುಬದುರು ನಿಂತ ಎರಡು ಆಕೃತಿಗಳ ನೆರಳು. ಕಾನ್‌ಸ್ಟಂಟೈನ್ ಮನೆತನದ ನಾಣ್ಯಗಳಲ್ಲಿ ಹೀಗೆ ಇಬ್ಬರು ಸೈನಿಕರು ಬರುತ್ತಾರೆ. ನಡುವೆ ಎರಡು ಧ್ವಜವಿದ್ದರೆ ಸುಮಾರು 330ರಿಂದ 335, ಒಂದೇ ಇದ್ದರೆ ಅಲ್ಲಿಂದ 341ರವರೆಗೆ. ರಾಜನ ಹೆಸರು ಓದಲಾಗದಿದ್ದರೂ ಐದಾರು ವರ್ಷದೊಳಗೆ ಕಾಲ ಹೇಳಬಹುದು, ಯೋಚಿಸಿ! ಇದರಲ್ಲಿ ಒಂದೋ ಎರಡೋ? ನಡುಭಾಗ ನುಣ್ಣಗಾಗಿದೆ. ಮೊದಲಿನದು ಭಾರ, ಆಮೇಲಿನದು ಹಗುರ, ತೂಕ ನೋಡಿ ಹೇಳೋಣವೆಂದರೆ ನಿಂಬೆರಸ ಅದನ್ನೂ ಒಂದಿಷ್ಟು ತಿಂದಿದೆ. ಉಬ್ಬು ಸವೆದ ಮೇಲೂ ಚಿತ್ರದ ಗೆರೆ ಕಂದು-ಹಸಿರು ಪದರದಲ್ಲಿ ಉಳಿದಿರುತ್ತದೆ. ಹುಳಿ ಕಿತ್ತು ಹಾಕುವುದು ಆ ಪದರವನ್ನೇ.

"ತೊಳೆಯದೆ ಓದೋದು ಹೇಗೆ?" ಅನ್ನುತ್ತೀರಿ. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಸಾಕು. ಹಸಿರು ಪುಡಿ ಉದುರುತ್ತಿದ್ದರೆ ಅದು ರೋಗ, ತಿಳಿದವರಿಗೆ ತೋರಿಸಿ. ನಮ್ಮ ಮಳೆಗಾಲದಲ್ಲಂತೂ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ.

ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ಚಿಕ್ಕಂದಿನಲ್ಲಿ ಚಿತ್ರದುರ್ಗದ ಬಳಿ ನಮ್ಮ ಸೋದರಮಾವನ ಹೊಲದಲ್ಲಿ ಸಿಕ್ಕ ಸೀಸದ ನಾಣ್ಯವನ್ನು ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದ್ದೆ. ಒಂದು ಕಡೆ ಎತ್ತು, ಇನ್ನೊಂದು ಕಡೆ ಮರ. ಸದಕಣ ಕಳಲಾಯ ಮಹಾರಠಿಯ ನಾಣ್ಯಗಳು ಹಾಗೇ ಇರುತ್ತವೆಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಈ ಮುಂಬೈ ಕಡೆ ಬಂದು ಪುಸ್ತಕ ಓದಿದಾಗ. ಸೀಸ ಮೆತ್ತಗಿನ ಲೋಹ, ಎತ್ತೂ ಹೋಯಿತು, ಮರವೂ ಹೋಯಿತು. ಮಾವ ಮಾತ್ರ "ಭೇಷ್, ಚೆನ್ನಾಗಿ ಹೊಳೀತಿದೆ ಕಣೋ" ಅಂದಿದ್ದರು!

ಅಲ್ಲೇ ಪಕ್ಕದ ಚಂದ್ರವಳ್ಳಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದರಿಂದ ಅದು ಸುತ್ತಲಿನ ಮಡಕೆ ಚೂರುಗಳಿಗೂ ಕಾಲ ಹೇಳಿತು. ಅದೇ ನಾಣ್ಯ ಸ್ಟೇಷನ್ ಬಳಿ ಬಟ್ಟೆ ಹಾಸಿದವನ ಕೈಗೆ ಬಂದಿದ್ದರೆ? ಬರೀ ಬೆಳ್ಳಿ. ಹೊಲದಲ್ಲಿ ಸಿಕ್ಕಿದರೆ, ಹತ್ತು ರೂಪಾಯಿಗಿಂತ ಹೆಚ್ಚಿನದಾದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆಯೇ ಇದೆ. ಎಷ್ಟು ಜನ ತಿಳಿಸುತ್ತೇವೆ?

ಇನ್ನು ಧಾರಾಳವಾಗಿ ರಾಜರ ಹೆಸರು ಹಂಚುವ ನಮ್ಮ ನಾಣ್ಯಪ್ರಿಯರು. ಗಡ್ಡ ಕಂಡರೆ ಒಬ್ಬ ಚಕ್ರವರ್ತಿ, ಮೂಗು ಕಂಡರೆ ಇನ್ನೊಬ್ಬ. ತಲೆಗೆ ಮುತ್ತಿನ ಪಟ್ಟಿ ಇದ್ದರೆ 4ನೇ ಶತಮಾನ ಅಥವಾ ಆಮೇಲಿನದು ಅನ್ನಿ, ಅಲ್ಲಿಗೆ ನಿಲ್ಲಿಸಿ. 'ಗೊತ್ತಿಲ್ಲ' ಅಂದರೆ ಮಾನ ಹೋಗುತ್ತಾ?

ಹುಡುಗನಿಗೆ ಒಂದು ಕಾಗದದ ಕವರ್ ಕೊಟ್ಟು ಅಳತೆ, ತೂಕ, 'ಇಬ್ಬರು ಸೈನಿಕರು?', ಕೊಂಡ ಜಾಗ, ತಾರೀಖು ಬರೆಸಿದೆ.

"ರಾಜನ ಹೆಸರು ಅಂಕಲ್?"

"ಅಲ್ಲಿ ಖಾಲಿ ಬಿಡಪ್ಪಾ" ಅಂದೆ.